ಎರೆಭೂತದ ಬಯಲಿನಲ್ಲಿ

ಆಫ್ರಿಕದ ಖಾಸಗಿ ವನ್ಯಧಾಮಗಳಲ್ಲಿ ಸಿಂಹ, ಆನೆಗಳನ್ನು ಕಂಡುಬಂದವರ ವರ್ಣನೆಗಳನ್ನು ವಾಚಕರು ಓದಿರಬಹುದು. ನಮ್ಮ ಮಗ್ಗುಲಲ್ಲಿಯೇ ಇರುವ ಅಭಯಾರಣ್ಯವನ್ನು ಕಂಡವರು ವಿರಳ. ದುಧನಿಯಿಂದ ರೈಲಿನಲ್ಲಿ ಸೊಲ್ಲಾಪುರಕ್ಕೆ ಬಂದು, ಬಾರ್ಶಿ ರಸ್ತೆಯಲ್ಲಿ ಸುಮಾರು 20 ಕಿ.ಮೀ. ಸಾಗಿದರೆ ನಾನ್ನಜ ಗ್ರಾಮ. ಅರಣ್ಯವೆಂದರೆ ದಟ್ಟ ಮರಗಳೆಂದು ಭಾವಿಸಿ ಹೋದವರಿಗೆ ಇಲ್ಲಿ ಕಾಣುವುದು ಹುಲ್ಲುಗಾವಲು. ತಾಳ್ಮೆಯಿಂದ ನಿಂತು ನೋಡಿದರೆ ಆ ಹುಲ್ಲಿನ ನಡುವೆ ಕೃಷ್ಣಮೃಗಗಳು ತಲೆಯೆತ್ತುತ್ತವೆ. ತೋಳ, ನರಿಗಳಿಗೂ ಇದೇ ಆಶ್ರಯ.

ಈ ಬಯಲಿಗೆ ಹೆಸರು ತಂದುದು ಮರಾಠಿಯ ಮಾಳಢೋಕ, ಅಂದರೆ ಕನ್ನಡಿಗರ ಎರೆಭೂತ. ಸುಮಾರು ಒಂದು ಮೀಟರ್ ಎತ್ತರದ ಈ ಹಕ್ಕಿ ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುತ್ತದೆ. ಇದರ ರಕ್ಷಣೆಗಾಗಿ 1979ರಲ್ಲಿ ಸೊಲ್ಲಾಪುರ ಹಾಗೂ ಅಂದಿನ ಅಹಮದನಗರ ಜಿಲ್ಲೆಗಳ ಸುಮಾರು 8,500 ಚದರ ಕಿ.ಮೀ. ಪ್ರದೇಶ ಅಭಯಾರಣ್ಯವಾಯಿತು. ರೈತರ ಹೊಲಗಳೂ ಊರುಗಳೂ ಅದರೊಳಗೆ ಸೇರಿದವು. ಜಮೀನಿನ ವ್ಯವಹಾರಗಳಿಗೆ ಅಡ್ಡಿಯಾಗಿ ಅಸಮಾಧಾನ ಬೆಳೆಯಿತು. ಅನಂತರ ಅದನ್ನು ಸುಮಾರು 1,222 ಚದರ ಕಿ.ಮೀ.ಗೆ ಇಳಿಸಲಾಯಿತು. ನೀರಾವರಿ ಬಂದಂತೆ ಜೋಳದ ಹೊಲಗಳಲ್ಲಿ ಕಬ್ಬು, ದ್ರಾಕ್ಷಿ ಹಬ್ಬಿದವು. ಇಂದು ಇಲ್ಲಿ ಎರೆಭೂತ ಕಣ್ಣಿಗೆ ಬೀಳುವುದು ತೀರ ಅಪರೂಪ.

ದಕ್ಷಿಣ ಆಫ್ರಿಕದಲ್ಲಿ ಕ್ರೂಗರ್ ಉದ್ಯಾನಕ್ಕೆ ತಾಗಿದ ಖಾಸಗಿ ವನ್ಯಧಾಮಗಳ ಒಡೆಯರಿಗೆ ಪ್ರವಾಸಿಗರಿಂದ ವರಮಾನವುಂಟು. ಮೃಗಗಳು ಉಳಿದರೆ ಅವರಿಗೂ ಲಾಭ. ನಮ್ಮ ರೈತನ ಪಾಲಿಗೆ ಬಂದುದು ಬಹುಮಟ್ಟಿಗೆ ನಿರ್ಬಂಧವೇ. ಹಕ್ಕಿಗಾಗಿ ಹುಲ್ಲು ಉಳಿಸಿದವನಿಗೂ ಬೆಳೆಯ ಫಲದಷ್ಟು ಪ್ರತಿಫಲ ದೊರೆಯಬೇಕು. ಹೊಲದೊಡೆಯನ ಮನಸ್ಸು ಒಲಿಯದೆ ಹೊಲದ ಹಕ್ಕಿ ಉಳಿಯಲಾರದು. ಮಕ್ಕಳಿಗೆ ದೂರದ ಸಿಂಹವನ್ನು ಚಿತ್ರದಲ್ಲಿ ತೋರಿಸುವ ನಾವು, ಈ ಹುಲ್ಲುಗಾವಲನ್ನು ಕಣ್ಣಾರೆ ತೋರಿಸುವುದೂ ಕರ್ತವ್ಯ.