ಮಕ್ಕಳು ಎಷ್ಟು ಜನ?

ಗಣಕಯಂತ್ರಕ್ಕೆ ಕರುಳಿಲ್ಲವೆಂಬುದು ನಿಜವಿರಬಹುದು. ನೆಂಟಸ್ತಿಕೆ ಇಲ್ಲವೆಂದು ಮಾತ್ರ ಹೇಳಲಾಗದು. ಜಾಲಪುಟದ ಭಾಷೆಯಲ್ಲಿ ಹೆತ್ತವರುಂಟು, ಮಕ್ಕಳುಂಟು, ಒಡಹುಟ್ಟಿದವರುಂಟು, ವಂಶಜರೂ ಉಂಟು. ಕೇಶಿರಾಜನ ವ್ಯಾಕರಣವನ್ನು ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಈ ಸಂಗತಿ ತಿಳಿದುದು ಕುಂದಲಹಳ್ಳಿಯಲ್ಲಿ ಮನೆ ಮಾಡಿದ ಮೇಲೆ. 2023ರಲ್ಲಿ ಮೆಟ್ರೋ ನಿಲ್ದಾಣವನ್ನು ಕಂಡ ಈ ಊರಿನಲ್ಲಿ ಮಹಡಿಗೊಬ್ಬ ತಂತ್ರಾಂಶದ ತರುಣನಿರುವುದು ವಾಡಿಕೆ. ನಮ್ಮ ಮಹಡಿಯ ಮೇಲೂ ಒಬ್ಬನಿದ್ದಾನೆ.

ಅಜ್ಜಿಗೆ ಎಂಬತ್ತು ತುಂಬುವುದೆಂದು ಅವನು ವಂಶಾವಳಿಯ ಪುಟವೊಂದನ್ನು ಕಟ್ಟುತ್ತಿದ್ದನು. 5 ಮಕ್ಕಳ ಹೆಸರಿನ ಹೊರಪಟ್ಟಿ. ಒಂದೊಂದು ಹೆಸರಿನ ಒಡಲಲ್ಲೂ ಅವರವರ ಮಕ್ಕಳ ಒಳಪಟ್ಟಿ. ಮೊಮ್ಮಕ್ಕಳು ಒಟ್ಟು 11. ಹೊರಪಟ್ಟಿಗೆ ‘ಅಜ್ಜಿ’ ಎಂದು ಗುರುತು ಕೊಟ್ಟು, ಅದರೊಳಗಿನ ಹೆಸರುಗಳು ಬರಲೆಂದು ಜಾವಾಸ್ಕ್ರಿಪ್ಟಿನಲ್ಲಿ ಆಜ್ಞಾಪಿಸಿದರೆ 16 ಬಂದುವು. ನಡುವೆ ಗಣಿತದ ‘ಹೆಚ್ಚು’ ಚಿಹ್ನೆಯನ್ನಿಟ್ಟರೆ ಐದೇ! ಬರಿಯ ತೆರಪು ಎಂದರೆ ಸಂತತಿಯೆಲ್ಲ. ಆ ಬಾಣದ ಮೊನೆ ಎಂದರೆ ಹೊಟ್ಟೆಯಲ್ಲಿ ಹುಟ್ಟಿದವರು ಮಾತ್ರ. ಪುಟದ ರೂಪವನ್ನು ನಿಯಮಿಸುವ ಸಿಎಸ್‌ಎಸ್ ಭಾಷೆಯಲ್ಲಿ ಸಂತತಿಯನ್ನು ಕರೆಯುವ ಕ್ರಮ 1996ರಲ್ಲೇ ಇದ್ದಿತು. ಮಕ್ಕಳನ್ನು ಬೇರ್ಪಡಿಸುವ ಚಿಹ್ನೆ ಬಂದುದು 1998ರಲ್ಲಿ. ಅಲ್ಲಿಯೂ ಕೂಡುಕುಟುಂಬ ಮೊದಲು, ಪಾಲು ಆಮೇಲೆ!

“ಅಜ್ಜಿಯ ಗುರುತೇ ಇಲ್ಲದಿದ್ದರೆ?” ಎಂದೆ.

“ಆಗ ಚಿಹ್ನೆ ಇಟ್ಟರೂ ಹದಿನಾರೇ ಸಾರ್. ಮೊಮ್ಮಕ್ಕಳೂ ಯಾವುದೋ ಒಂದು ಪಟ್ಟಿಗೆ ಮಕ್ಕಳೇ ಅಲ್ಲವೆ?”

ಆ ಐವರಲ್ಲಿ ಹಿರಿಯ ಮಗ ತೀರಿಕೊಂಡು ವರ್ಷಗಳಾಗಿದ್ದುವು. ಸಂಭ್ರಮದ ಪುಟದಲ್ಲಿ ಇರುವವರಷ್ಟೇ ಇರಲೆಂದು ತರುಣನು ಆ ಒಂದು ಹೆಸರನ್ನು ಆರಿಸಿ ತೆಗೆದನು. ಎಣಿಕೆ 16ರಿಂದ 12ಕ್ಕೆ ಇಳಿಯಿತು. ಹೆಸರಿನ ಒಡಲಲ್ಲಿದ್ದ ಮೂವರು ಮಕ್ಕಳೂ ಅದರೊಡನೆ ಹೊರಟುಹೋಗಿದ್ದರು. ಕೊಂಬೆ ಕಡಿದರೆ ಚಿಗುರು ಉಳಿಯದೆಂಬುದು ಈ ಮರದ ನಿಯಮವೂ ಹೌದು. ಮೂವರನ್ನೂ ಮೇಲಿನ ಸಾಲಿಗೆ ಎತ್ತಿಡೋಣವೆಂದರೆ ತಮ್ಮ ಚಿಕ್ಕಪ್ಪಂದಿರಿಗೇ ಒಡಹುಟ್ಟಿದವರಾಗುತ್ತಾರೆ!

ಊರಿನಿಂದ ಬಂದು ಪಕ್ಕದಲ್ಲೇ ಕುಳಿತಿದ್ದ ಅಜ್ಜಿ ಎಲ್ಲವನ್ನೂ ನೋಡುತ್ತಿದ್ದರು. ಅವರಿಗೆ ಚಿಹ್ನೆಗಳ ಗೊಡವೆ ಇರಲಿಲ್ಲ.

“ಅವನ ಹೆಸರು ತೆಗೀಬೇಡವೋ. ಅವನೇ ಇಲ್ಲ ಅಂದ್ಮೇಲೆ ಆ ಹುಡುಗರು ನನಗೇನಾಗಬೇಕು?”

ತರುಣನು ಮರುಮಾತಾಡದೆ ಹೆಸರನ್ನು ಇದ್ದಲ್ಲಿಯೇ ಇಟ್ಟನು. ಮೂವರೂ ತಂದೆಯ ಹೆಸರಿನ ಕೆಳಗೆ ಬಂದು ಕುಳಿತರು.

ಮದುವೆಯ ಕರೆಯೋಲೆಯಲ್ಲಿ, ಆಸ್ತಿಯ ಪತ್ರದಲ್ಲಿ, ಪಡಿತರ ಚೀಟಿಯಲ್ಲಿ ನಾವು ದಿನವೂ ಇಂತಹ ಆಯ್ಕೆಯನ್ನು ಮಾಡುತ್ತಿರುತ್ತೇವೆ. ಯಾರನ್ನು ಎಲ್ಲಿಯವರೆಗೆ ‘ನಮ್ಮವರು’ ಎಂದು ಎಣಿಸಬೇಕೆಂಬುದೇ ಅಲ್ಲಿನ ಪ್ರಶ್ನೆ. ಯಂತ್ರವು ಕೇಳಿದಷ್ಟಕ್ಕೆ ಉತ್ತರ ಕೊಡುತ್ತದೆ. ಕೇಳುವ ಹೊಣೆ ನಮ್ಮದು. ಕನ್ನಡದ ‘ಮೊಮ್ಮಕ್ಕಳು’ ಎಂಬ ಮಾತಿನೊಳಗೆ ‘ಮಕ್ಕಳು’ ಇರುವುದನ್ನು ತರಗತಿಯಲ್ಲಿ ಎಷ್ಟೋ ಸಲ ಬಿಡಿಸಿ ತೋರಿಸಿದ್ದೇನೆ. ಅದರ ಅರ್ಥವನ್ನು ಬಿಡಿಸಿದವರು ಆ ಅಜ್ಜಿ.