ನಮ್ಮಾಕೆಯ ಕೈಗಡಿಯಾರ

ಹೆಂಡತಿಗೆ ಸೀರೆ ತರಲು ಹೊರಟ ಗಂಡಂದಿರ ಪಾಡನ್ನು ಕುರಿತು ನಮ್ಮ ಹಾಸ್ಯಲೇಖಕರು ಬೇಕಾದಷ್ಟು ಬರೆದಿದ್ದಾರೆ. ಕೈಗಡಿಯಾರ ತರಲು ಹೊರಟವನ ಪಾಡು ಅದಕ್ಕಿಂತ ಕಠಿಣ. ಸೀರೆ ಒಪ್ಪಿಗೆಯಾಗದಿದ್ದರೆ ನಾದಿನಿಗೋ ಅತ್ತಿಗೆಗೋ ದಾಟಿಸಬಹುದು. ಗಡಿಯಾರ ಹಾಗಲ್ಲ, ದಿನಕ್ಕೆ ಐವತ್ತು ಸಲ ಅದನ್ನು ನೋಡಬೇಕು, ನೋಡಿದಾಗಲೆಲ್ಲ ತಂದವನ ನೆನಪೂ ಆಗಬೇಕು. ಆದುದರಿಂದ ಈ ಕೆಲಸಕ್ಕೆ ನಾವು ಆರು ವಾರ ತೆಗೆದುಕೊಂಡುದರಲ್ಲಿ ಆಶ್ಚರ್ಯವೇನೂ ಇಲ್ಲ.

ಸಂಗತಿ ಏನೆಂದರೆ, ನಮ್ಮ ಸಂಸಾರ ಇರುವುದು ಕೊಚ್ಚಿಯಲ್ಲಿ, ಕಛೇರಿ ತಿರುವನಂತಪುರದಲ್ಲಿ. ನಡುವೆ ಸುಮಾರು ೨೦೦ ಕಿಲೋಮೀಟರು. ಸೋಮವಾರ ಬೆಳಗಿನ ರೈಲಿಗೆ ಹೊರಟರೆ ಮನೆ ಸೇರುವುದು ಶುಕ್ರವಾರ ರಾತ್ರಿ. ಈ ಐದು ದಿನ ಮನೆಯೂ ನಮ್ಮ ತಾಯಿಯವರೂ ನಮ್ಮಾಕೆಯ ಪಾಲು. ತಾಯಿಯವರಿಗೆ ಪಾರ್ಕಿನ್ಸನ್ ಕಾಯಿಲೆ. ಅದಕ್ಕೆ ಕೊಡುವ ಲೆವೊಡೋಪ ಎಂಬ ಗುಳಿಗೆಯ ಗುಣವನ್ನು ಬಲ್ಲವರೇ ಬಲ್ಲರು. ಹೊತ್ತಿಗೆ ಸರಿಯಾಗಿ ಕೊಟ್ಟರೆ ಮುದುಕಿ ಎದ್ದು ನಡೆದಾಡುತ್ತಾರೆ, ಬೆಳಗಿನ ಕಾಫಿ ನೀರಾಗಿತ್ತೆಂದು ಆಕ್ಷೇಪಿಸುತ್ತಾರೆ. ಅರ್ಧ ಗಂಟೆ ತಡವಾದರೆ ಕೈಕಾಲು ಮರದ ಕೊರಡಿನಂತೆ ಬಿಗಿದುಕೊಳ್ಳುತ್ತವೆ. ಊಟಕ್ಕೆ ಅರ್ಧ ಗಂಟೆ ಮೊದಲೇ ಕೊಡಬೇಕು, ಏಕೆಂದರೆ ಬೇಳೆ ಹಾಲುಗಳಲ್ಲಿರುವ ಪ್ರೋಟೀನು ಗುಳಿಗೆಗೆ ಅಡ್ಡ ಬರುತ್ತದೆ. ದಿನಕ್ಕೆ ಐದು ಸಲ ಈ ವ್ರತ. ಮೊಬೈಲಿನಲ್ಲಿ ಅಲಾರಂ ಇಡಬಾರದೇ ಎಂದು ಕೇಳುವಿರಿ. ಇಟ್ಟಿದ್ದೇವೆ. ಅದು ನಡುಮನೆಯಲ್ಲಿ ಬಡಿದುಕೊಳ್ಳುವಾಗ ಆಕೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿರುತ್ತಾಳೆ.

ಇಷ್ಟು ದಿನ ಆಕೆ ಈ ವ್ರತವನ್ನು ನಡೆಸಿದ್ದು ಎಚ್.ಎಂ.ಟಿ. ಸುಜಾತಾ ಗಡಿಯಾರದಿಂದ. ಮದುವೆಯಲ್ಲಿ ಮಾವನವರು ಕಟ್ಟಿದ್ದು. ಬೆಂಗಳೂರಿನ ಜಾಲಹಳ್ಳಿಯಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ ೧೯೬೧ರಲ್ಲಿ ಆರಂಭವಾದ ಆ ಗಡಿಯಾರದ ಕಾರಖಾನೆ, ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಒಬ್ಬ ನೆಂಟನಷ್ಟೇ ಆಪ್ತವಾಗಿತ್ತು. ಪರವೂರಿನಲ್ಲಿರುವ ನಮ್ಮಂಥವರಿಗಂತೂ ಕೈಯ ಮೇಲೊಂದು ಚೂರು ಬೆಂಗಳೂರು ಇದ್ದಂತೆ. ಎಚ್.ಎಂ.ಟಿ. ಗಡಿಯಾರ ವಿಭಾಗವನ್ನು ಮುಚ್ಚಲು ಸರ್ಕಾರ ೨೦೧೬ರಲ್ಲಿ ತೀರ್ಮಾನಿಸಿತು. ಹೋದ ಮಳೆಗಾಲದಲ್ಲಿ ನಮ್ಮ ಸುಜಾತಾ ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳತೊಡಗಿತು. ಎರ್ನಾಕುಳಂ ಬ್ರಾಡ್‌ವೇಯ ಬದಿಯ ಒಂದು ಗೂಡಿನಲ್ಲಿ ಕುಳಿತಿರುವ ಹಿರಿಯ ರಿಪೇರಿಗಾರರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ, ಒಳಗೆ ತುಕ್ಕು ಹತ್ತಿದೆ, ಬಿಡಿಭಾಗ ಬೇಕಾದರೆ ಇನ್ನೊಂದು ಸತ್ತ ಸುಜಾತೆಯಿಂದಲೇ ತೆಗೆಯಬೇಕು, ಕಾದಿರಿ ಎಂದರು. ಗಡಿಯಾರ ಕಾಯಬಹುದು, ಗುಳಿಗೆ ಕಾಯುವುದಿಲ್ಲ.

ಹೊಸದನ್ನು ಕೊಳ್ಳಲು ಮೊದಲು ತಿರುವನಂತಪುರದ ಎಂ.ಜಿ. ರಸ್ತೆಯ ಅಂಗಡಿಯೊಂದಕ್ಕೆ ಹೋದೆವು. ‘ಲೇಡೀಸ್’ ಎಂದು ಉಸುರುವಷ್ಟರಲ್ಲಿ ಅಂಗಡಿಯವರು ನಮ್ಮ ಮುಂದೆ ಒಂದು ತಟ್ಟೆ ಒಡವೆಯನ್ನೇ ಹರಡಿದರು. ಒಂದೊಂದೂ ಕಡಲೆಕಾಯಿ ಬೀಜದಷ್ಟು. ಅಂಕಿಗಳಿಲ್ಲ, ಅಂಕಿಯ ಜಾಗದಲ್ಲಿ ಹರಳು. ಸೆಕೆಂಡಿನ ಮುಳ್ಳಿಲ್ಲ. ಹೆಂಗಸರು ಹೊತ್ತು ನೋಡುವುದಿಲ್ಲ, ಹೊತ್ತು ತೋರಿಸಿಕೊಳ್ಳುತ್ತಾರೆ ಎಂಬುದು ಇವುಗಳನ್ನು ಮಾಡಿದ ಮಹಾಶಯರ ಸಿದ್ಧಾಂತವಿರಬೇಕು. ಚರಿತ್ರೆಯೋ ಬೇರೆ ಮಾತು ಹೇಳುತ್ತದೆ. ನೆಪೋಲಿಯನ್ನನ ತಂಗಿ, ನೇಪಲ್ಸಿನ ರಾಣಿ ಕ್ಯಾರೊಲಿನ್, ಮಣಿಕಟ್ಟಿಗೆ ಕಟ್ಟುವ ಗಡಿಯಾರ ಬೇಕೆಂದು ಪ್ಯಾರಿಸ್ಸಿನ ಬ್ರೆಗೆ ಎಂಬ ಕುಶಲಿಗೆ ಹೇಳಿ ಮಾಡಿಸಿದ್ದು ೧೮೧೦ರಲ್ಲಿ. ಗಂಡಸರು ಆಗ ಜೇಬಿನ ಗಡಿಯಾರದ ಸರಪಣಿಯನ್ನು ಎಳೆದಾಡುತ್ತಿದ್ದರು. ಕೈಗೆ ಕಟ್ಟುವುದು ಹೆಂಗಸರ ಕೆಲಸವೆಂದು ನಗುತ್ತಲೂ ಇದ್ದರು. ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ಜೇಬಿಗೆ ಕೈಹಾಕಲು ಪುರುಸೊತ್ತಿಲ್ಲದಾದಾಗ ಅವರಿಗೂ ಬುದ್ಧಿ ಬಂತು.

ಆ ಅಂಗಡಿಯಲ್ಲಿ ನಾವು ಕಲಿತ ಪಾಠ ಒಂದುಂಟು, ವಾಚಕರಿಗೆ ಉಪಯೋಗವಾದೀತು. ಹೊಳೆಯುವ ಚಿನ್ನದ ಬಣ್ಣದ ಒಂದನ್ನು ಎತ್ತಿ, ‘ಪೂರಾ ಸ್ಟೀಲು ಸಾರ್’ ಎಂದರು. ತಿರುಗಿಸಿ ನೋಡಿದರೆ ಬೆನ್ನ ಮೇಲೆ ‘ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್’ ಎಂದು ಕೆತ್ತಿದೆ. ಅಂದರೆ ಬೆನ್ನು ಮಾತ್ರ ಉಕ್ಕು. ಮಿಕ್ಕ ಒಡಲು ಸಾಮಾನ್ಯವಾಗಿ ಲೇಪ ಕೊಟ್ಟ ಹಿತ್ತಾಳೆ. ಕೊಚ್ಚಿಯ ಉಪ್ಪುಗಾಳಿಗೆ, ಅಡಿಗೆಮನೆಯ ಬೆವರಿಗೆ ಆ ಲೇಪ ಎಷ್ಟು ದಿನ ನಿಂತೀತು? ನೀರಿನ ಲೆಕ್ಕವೂ ಹೀಗೆಯೇ. ‘೩೦ ಮೀಟರ್’ ಎಂದಿದ್ದರೆ ಮೂವತ್ತು ಮೀಟರು ಮುಳುಗಬಹುದೆಂದು ಅರ್ಥವಲ್ಲ, ಮುಖ ತೊಳೆಯುವಾಗ ಸಿಡಿದ ಹನಿಗೆ ಹೆದರಬೇಕಾಗಿಲ್ಲ, ಅಷ್ಟೇ. ಪಾತ್ರೆ ಬಟ್ಟೆಗಳ ಕೈಗೆ ೫೦ ಇದ್ದರೆ ಕ್ಷೇಮ, ೧೦೦ ಇದ್ದರೆ ಇನ್ನೂ ನಿಶ್ಚಿಂತೆ.

ಬರಿಗೈಯಲ್ಲಿ ಹೊರಬಂದು ಕೋಟೆಯ ಕಡೆ ನಡೆದೆವು. ಪದ್ಮನಾಭಸ್ವಾಮಿ ದೇವಸ್ಥಾನದ ಎದುರಿನ ‘ಮೇತ್ತನ್ ಮಣಿ’ಯನ್ನು ನೋಡದವರು ಮುಂದಿನ ಸಲ ತಪ್ಪದೆ ನೋಡಿರಿ. ಗಂಟೆಗೊಮ್ಮೆ ಗಡ್ಡದ ಮುಖವೊಂದು ಬಾಯಿ ತೆರೆಯುತ್ತದೆ, ಎರಡು ಕಡೆಯಿಂದ ಎರಡು ಟಗರುಗಳು ಬಂದು ಕೆನ್ನೆಗೆ ಗುದ್ದುತ್ತವೆ. ಹೊತ್ತು ಮೀರಿದವರಿಗೆ ಇದಕ್ಕಿಂತ ಸ್ಪಷ್ಟವಾದ ಎಚ್ಚರಿಕೆ ಬೇಡ. ಕೊಚ್ಚಿಯವರೂ ಕಡಮೆಯೇನಲ್ಲ: ಮಟ್ಟಾಂಚೇರಿಯ ಯೆಹೂದಿ ದೇವಾಲಯಕ್ಕೆ ಎಜಿಕಿಯಲ್ ರಾಹಬಿ ೧೭೬೦ರಲ್ಲಿ ಕಟ್ಟಿಸಿದ ಗೋಪುರದಲ್ಲಿ ಗಡಿಯಾರದ ಒಂದು ಮುಖಕ್ಕೆ ಹೀಬ್ರೂ ಅಂಕಿ, ಇನ್ನೊಂದಕ್ಕೆ ರೋಮನ್ ಅಂಕಿ. ನೋಡುವವರು ಯಾರೆಂದು ತಿಳಿದು ಅಂಕಿ ಬರೆಯುವ ವಿವೇಕ ಅಂದಿನವರಿಗಿತ್ತು. ನಮಗೆ ಬೇಕಾದದ್ದೂ ಅಷ್ಟೇ.

ಶನಿವಾರ ನಮ್ಮಾಕೆಯನ್ನೇ ಕರೆದುಕೊಂಡು ಎರ್ನಾಕುಳಂ ಪೇಟೆಗೆ ಹೋದೆವು. ತಾಯಿಯವರ ಬಳಿ ಪಕ್ಕದ ಮನೆಯ ಮಲಯಾಳಿ ಅಮ್ಮ ಕುಳಿತರು. ಅವರಿಗೆ ಗುಳಿಗೆಯ ಹೊತ್ತನ್ನು ಆಕೆ ಮೂರು ಸಲ ಹೇಳಿ ಬಂದಳು. ಅಂಗಡಿಯಲ್ಲಿ ಆಕೆ ಬೆಲೆಯ ಚೀಟಿಯನ್ನು ನೋಡಲಿಲ್ಲ, ಹೆಸರನ್ನೂ ನೋಡಲಿಲ್ಲ. ಕನ್ನಡಕ ತೆಗೆದು ಕೈಚೀಲದಲ್ಲಿಟ್ಟು, ಒಂದೊಂದನ್ನೇ ತೋಳುದ್ದ ಹಿಡಿದು ಹೊತ್ತು ಓದಿದಳು. ರಾತ್ರಿ ಹನ್ನೊಂದರ ಗುಳಿಗೆಗೆ ಏಳುವಾಗ ಕನ್ನಡಕ ಹುಡುಕುವವರಾರು? ಆಮೇಲೆ ಅಂಗಡಿಯ ಹುಡುಗನನ್ನು ದೀಪ ಆರಿಸಲು ಹೇಳಿದಳು. ಅವನು ಯಜಮಾನರ ಮುಖ ನೋಡಿದ. ಯಜಮಾನರು ನಮ್ಮ ಮುಖ ನೋಡಿದರು. ದೀಪ ಆರಿತು. ಕತ್ತಲೆಯಲ್ಲಿ ಮುಳ್ಳು ಹೊಳೆದದ್ದು ಮೂರು ಮಾತ್ರ. ಆ ಮೂರರಲ್ಲಿ ಎರಡರ ಚರ್ಮದ ಪಟ್ಟಿಯನ್ನು ಕಂಡು ಆಕೆಯೇ ಬೇಡವೆಂದಳು. ನಮ್ಮ ಮಳೆಗಾಲದಲ್ಲಿ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ಬಕ್ಕಲು ಹಾಕಲು ಎರಡು ಕೈ ಬೇಕು, ಆಕೆಯ ಒಂದು ಕೈ ಸದಾ ತಾಯಿಯವರ ತೋಳಿನ ಕೆಳಗಿರುತ್ತದೆ.

ಉಳಿದದ್ದು ಗಂಡಸರ ಸಾಲಿನಲ್ಲಿಟ್ಟಿದ್ದ ಒಂದು ಗಡಿಯಾರ. ಮುಖದ ಅಗಲ ೩೪ ಮಿಲಿಮೀಟರು. ಬಿಳಿಯ ಮುಖ, ಹನ್ನೆರಡೂ ಕಪ್ಪು ಅಂಕಿ, ಸೆಕೆಂಡಿನ ಮುಳ್ಳು, ಪೂರಾ ಉಕ್ಕಿನ ಒಡಲು, ಒತ್ತಿದರೆ ಕೂಡುವ ಉಕ್ಕಿನ ಪಟ್ಟಿ. ಕೀಲಿ ಕೊಡುವುದೋ ಕ್ವಾರ್ಟ್ಸೋ ಎಂಬ ಚರ್ಚೆ ನಮ್ಮದು ಮಾತ್ರ ಆಗಿತ್ತು. ಕೀಲಿಯ ಗಡಿಯಾರದ ಟಿಕ್‌ಟಿಕ್ಕಿನ ಮೇಲೆ ನಮಗೆ ಇಂದಿಗೂ ಮೋಹ. ಆದರೆ ಅದು ದಿನಕ್ಕೆ ಅರ್ಧ ನಿಮಿಷದವರೆಗೆ ಅತ್ತಿತ್ತ ಆದರೂ ತಪ್ಪೆನಿಸಿಕೊಳ್ಳದು. ಸೆಕೆಂಡಿಗೆ ೩೨,೭೬೮ ಸಲ ಕಂಪಿಸುವ ಹರಳಿನದು ತಿಂಗಳಿಗೆ ಹದಿನೈದು ಸೆಕೆಂಡು ಆಚೀಚೆ ಆದರೆ ಹೆಚ್ಚು. ಎರಡು ಮೂರು ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸಬೇಕು. ಸತ್ತ ಬ್ಯಾಟರಿಯನ್ನು ಒಳಗೇ ಬಿಟ್ಟರೆ ಸೋರಿ ಯಂತ್ರವನ್ನು ತಿನ್ನುತ್ತದೆ. ಆ ತಾರೀಖನ್ನು ಬರೆದಿಟ್ಟುಕೊಳ್ಳುವ ಕೆಲಸ ನಮ್ಮದಾಯಿತು. ಪಟ್ಟಿಯಿಂದ ಎರಡು ಕೊಂಡಿ ತೆಗೆಸಿ, ಅಂಗಡಿಯ ಮೊಹರು ಬಿದ್ದ ಗ್ಯಾರಂಟಿ ಚೀಟಿಯೊಡನೆ ಆ ಎರಡು ಕೊಂಡಿಗಳನ್ನೂ ಕೇಳಿ ಪಡೆದೆವು. ಬೆಲೆ ನಾವು ಮನಸ್ಸಿನಲ್ಲಿಟ್ಟುಕೊಂಡದ್ದಕ್ಕಿಂತ ಕಡಮೆಯೇ ಆಯಿತು. ಮಿಕ್ಕ ಹಣದ ವಿಷಯ ನಾವು ಎತ್ತಲಿಲ್ಲ, ಆಕೆ ಎತ್ತಿದಳು.

ಸುಜಾತಾ ಬ್ರಾಡ್‌ವೇಯ ಹಿರಿಯರ ಬಳಿಯೇ ಇದೆ. ಅವರಿಗೆ ಎಲ್ಲಿಂದಲೋ ಒಂದು ಚಕ್ರ ಸಿಕ್ಕಿದೆಯಂತೆ, ಇನ್ನೊಂದು ಸಿಕ್ಕಬೇಕಂತೆ. ಹೊಸದು ನಮ್ಮಾಕೆಯ ಮಣಿಕಟ್ಟಿನ ಒಳಮೈಗೆ ಕಟ್ಟಿಕೊಂಡಿದೆ, ದಾದಿಯರು ಕಟ್ಟುವ ಹಾಗೆ. ತಿಂಗಳಿಗೆ ಹದಿನೈದು ಸೆಕೆಂಡು ಎಂದು ನಾವು ಅಷ್ಟೆಲ್ಲ ಲೆಕ್ಕ ಹಾಕಿ ತಂದ ಆ ಗಡಿಯಾರವನ್ನು ಆಕೆ ಮೊದಲನೆಯ ದಿನವೇ ಐದು ನಿಮಿಷ ಮುಂದಕ್ಕೆ ತಿರುಗಿಸಿ ಇಟ್ಟಿದ್ದಾಳೆ. ಕೇಳಿದರೆ, ಅತ್ತೆಯವರನ್ನು ಎಬ್ಬಿಸಿ ದಿಂಬಿಗೆ ಒರಗಿಸಿ ಕೂರಿಸಲು ಅಷ್ಟು ಹೊತ್ತು ಬೇಕು ಎಂದಳು.