ಚಿಪ್ಪಿನ ಮುಖ

ಇಟಲಿಯಲ್ಲಿ ವೆಸೂವಿಯಸ್ ಅಗ್ನಿಪರ್ವತದ ಬುಡದಲ್ಲಿರುವ ತೊರ್ರೆ ದೆಲ್ ಗ್ರೇಕೊ ಎಂಬ ಊರಿನ ಕುಶಲಿಗಳು 19ನೆಯ ಶತಮಾನದಿಂದಲೂ ಶಂಖಜಾತಿಯ ಚಿಪ್ಪಿನಲ್ಲಿ ಸ್ತ್ರೀಮುಖಗಳನ್ನು ಕೊರೆದು 'ಕ್ಯಾಮಿಯೊ' ಪದಕಗಳನ್ನು ಮಾಡುತ್ತ ಬಂದಿರುವರು. ಮೇಲಣ ಬಿಳಿಯ ಪದರವು ಮುಖವಾಗುವುದು, ಕೆಳಗಣ ಕಂದು ಪದರವು ಹಿನ್ನೆಲೆಯಾಗುವುದು. ಚಿಪ್ಪಾದರೆ ದೀಪಕ್ಕೆ ಹಿಡಿದಾಗ ಬೆಳಕು ಹಾಯುವುದು. ಬೆನ್ನು ಸಾಮಾನ್ಯವಾಗಿ ತುಸು ತಗ್ಗಾಗಿರುವುದು. ಕೆಲವು ಪ್ಲಾಸ್ಟಿಕ್ಕುಗಳಲ್ಲಿಯೂ ಬೆಳಕು ಹಾಯುವುದುಂಟು. ಆದರೆ ಭೂತಗನ್ನಡಿಯಲ್ಲಿ ಕಾಣುವ ಉಳಿಯ ಗೀರುಗಳು ಅಚ್ಚೊತ್ತಿದ ವಸ್ತುವಿಗೆ ಎಲ್ಲಿಂದ ಬರಬೇಕು? ಕೂದಲೆಳೆಯಂತಹ ಬಿರುಕೂ ಅದೇ ದೀಪದಲ್ಲಿ ತೋರುವುದು. ಅಂತಹುದನ್ನು ತೊಳೆಯದಿರುವುದೇ ಲೇಸು.

ಚಿಪ್ಪು ಸುಣ್ಣದ ಜಾತಿಯದು. ಗೃಹಿಣಿಯ ಕೈ ಅಭ್ಯಾಸಬಲದಿಂದ ಹಿತ್ತಾಳೆಗೆ ಹಚ್ಚುವ ಹುಣಿಸೆಹುಳಿಯತ್ತ ಹೋದೀತು! ಹುಳಿ ಸೋಕಿದರೆ, ಅಜ್ಜಿಯಿಂದ ಮೊಮ್ಮಗಳಿಗೆ ಬಂದ ಆ ಮುಖದ ಮೂಗುತುಟಿಗಳು ಸವೆದುಹೋಗಿ ಮರಳಿ ಬಾರವು. ಉಗುರುಬೆಚ್ಚಗಿನ ನೀರು, ಒಂದು ಹನಿ ಮೃದುವಾದ ಸಾಬೂನು, ಮೆತ್ತನೆಯ ಕುಂಚ ಇಷ್ಟೇ ಸಾಕು. ನೆನೆಹಾಕಕೂಡದು, ಒಡನೆಯೇ ಅರಿವೆಯಿಂದ ಒರಸಿ ನೆರಳಿನಲ್ಲಿ ಆರಿಸತಕ್ಕದ್ದು.